ಎರಡು ಪಿಸ್ಟನ್ ತಿಂದ ಚೈನ್ ಗರಗಸ

ನನ್ನದು ಹಿರಿಯೂರು ಸೀಮೆಯಲ್ಲಿ ಏಳು ಎಕರೆ ಖುಷ್ಕಿ. ಐದು ಎಕರೆಯಲ್ಲಿ ಶೇಂಗಾ, ತೊಗರಿ, ನವಣೆ. ಹಳ್ಳದ ಮಗ್ಗುಲಿನ ಎರಡು ಎಕರೆಗೆ ಪಹಣಿಯಲ್ಲಿ ನನ್ನ ಹೆಸರು, ಸ್ವಾಧೀನ ಮಾತ್ರ ಬಳ್ಳಾರಿ ಜಾಲಿಯದು. ಕುರಿ ಮೇಕೆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕಿ ಹೋಗುತ್ತವೆ, ಹತ್ತು ವರ್ಷ ಸುಮ್ಮನಿದ್ದರೆ ಒಳಗೆ ನಾಯಿಯೂ ನುಗ್ಗುವುದಿಲ್ಲ. ಜೆಸಿಬಿ ತರಿಸೋಣ ಎಂದರೆ ಬೇರಿನ ಜೊತೆ ಮೇಲ್ಮಣ್ಣೂ ಬದುವಿನ ಮೇಲೆ ಹೋಗಿ ಕೂರುತ್ತದೆ. ನಮ್ಮ ಕಡೆ ಮೇಲ್ಮಣ್ಣು ಇರುವುದೇ ಗೇಣುದ್ದ. ಕೊಡಲಿ ಹಿಡಿಯುವ ಆಳು ದಿನಕ್ಕೆ ಏಳುನೂರು ಕೇಳುತ್ತಾನೆ, ಮುಳ್ಳು ನೋಡಿ ಎರಡನೇ ದಿನ ಬರುವುದಿಲ್ಲ.

ಹೀಗಿರುವಾಗ 2022ರ ಡಿಸೆಂಬರಿನಲ್ಲಿ ಕಡೂರು ಕಡೆಯ ಒಬ್ಬ ಮರ ಕೊಯ್ಯುವವನ ಹತ್ತಿರ ಹಳೆ ಚೈನ್ ಗರಗಸ ಇದೆ ಎಂದು ತಿಳಿಯಿತು. ಹದಿನೆಂಟು ಇಂಚಿನ ಪಟ್ಟಿ, ಐವತ್ತು ಸಿಸಿ ಆಸುಪಾಸಿನ ಎಂಜಿನ್. ‘ಸ್ಟಾರ್ಟ್ ಆಗಲ್ಲ, ಸಣ್ಣ ಕೆಲಸ ಇದೆ ಅಷ್ಟೆ’ ಎಂದ. ಮೂರೂವರೆ ಸಾವಿರಕ್ಕೆ ಚೌಕಾಸಿ ಮಾಡಿ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಸಣ್ಣ ಕೆಲಸ ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಒಳಗೆ ಪಿಸ್ಟನ್ ಸೀಜ್ ಆಗಿತ್ತು.

ಹಳೆ ಗರಗಸ ಕೊಳ್ಳುವವರು ಎರಡು ಪರೀಕ್ಷೆ ಮಾಡಬಹುದಿತ್ತು, ನಾನು ಮಾಡಲಿಲ್ಲ. ಒಂದು, ಸ್ಟಾರ್ಟರ್ ಹಗ್ಗದ ಹಿಡಿಯಿಂದಲೇ ಮೆಶಿನನ್ನು ಮೇಲೆತ್ತಿ ನೇತುಹಾಕುವುದು. ಕಂಪ್ರೆಶನ್ ಇದ್ದರೆ ತಡೆದು ತಡೆದು ನಿಧಾನ ಇಳಿಯುತ್ತದೆ. ಸರ್ರನೆ ನೆಲಕ್ಕೆ ಬಂದರೆ ರಿಂಗು, ಬೋರು ಹೋಗಿವೆ ಎಂದೇ ಲೆಕ್ಕ. ಅಲುಗಾಡದೆ ನಿಂತರೆ ಜಾಮ್. ಎರಡು, ಸೈಲೆನ್ಸರಿನ ಎರಡು ಬೋಲ್ಟ್ ಬಿಚ್ಚಿ ಆ ಕಿಂಡಿಯಲ್ಲಿ ಟಾರ್ಚು ಬಿಟ್ಟು ಪಿಸ್ಟನ್ ಮೈ ನೋಡುವುದು. ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಉದ್ದುದ್ದ ಗೀರು ಕಂಡರೆ ಆ ಬೆಲೆಗೆ ತಕ್ಕಂತೆ ಮಾತಾಡಿ. ಐದು ನಿಮಿಷದ ಕೆಲಸ ಅದು.

ಪೇಟೆಯ ಒಬ್ಬ ಬೈಕ್ ಮೆಕ್ಯಾನಿಕ್ ಹೊಸ ಪಿಸ್ಟನ್, ರಿಂಗು ತರಿಸಿ ಹಾಕಿದ. ಸಾಮಾನು, ಮಜೂರಿ ಸೇರಿ 2,400 ರೂಪಾಯಿ. ಮೂರನೇ ಎಳೆತಕ್ಕೇ ಕೂಗಿತು. ಆ ಕೂಗು ಕೇಳಿ ಊರ ಹುಡುಗರೆಲ್ಲ ಸೇರಿದ್ದರು. ಜಾಲಿಯ ತೊಡೆ ಗಾತ್ರದ ಕಾಂಡ ಬೆಣ್ಣೆಯ ಹಾಗೆ ತುಂಡಾಗುತ್ತಿತ್ತು. ಎರಡು ದಿನದಲ್ಲಿ ಹತ್ತು ಗುಂಟೆ ಬಯಲಾಯಿತು.

ಮೂರನೇ ದಿನ ಎರಡು ಸಂಗತಿ ನಡೆದವು. ಬೆಳಿಗ್ಗೆ ಒಂದು ಪೊದೆಯೊಳಗೆ ಪಟ್ಟಿ ತೂರಿಸಿದೆ. ಅದರ ತುದಿ ಒಳಗಿದ್ದ ಇನ್ನೊಂದು ಕೊಂಬೆಗೆ ತಾಗಿದ್ದು ಕಾಣಲಿಲ್ಲ. ಮೆಶಿನ್ ಎಗರಿ ನನ್ನ ಮುಖದ ಕಡೆಗೇ ಬಂತು. ತಲೆಗೆ ಸುತ್ತಿದ್ದ ಟವಲಿನ ಚುಂಗು ಹರಿದು ಚೈನಿಗೆ ಸುತ್ತಿಕೊಂಡಿತು. ಚುಂಗಿಗೂ ಕಿವಿಗೂ ಎರಡು ಬೆರಳು ಅಂತರ. ಇದಕ್ಕೆ ಅಂತಲೇ ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡ ಹಲಗೆ ಇರುತ್ತದೆ. ಮೆಶಿನ್ ಎಗರಿದಾಗ ಅದು ಮುಂದಕ್ಕೆ ಬಿದ್ದು ಒಳಗಿನ ಉಕ್ಕಿನ ಪಟ್ಟಿ ಕ್ಲಚ್ ಡ್ರಮ್ಮನ್ನು ಬಿಗಿದು ಚೈನು ನಿಲ್ಲಿಸಬೇಕು. ನನ್ನ ಗರಗಸದಲ್ಲಿ ಹಲಗೆ ಇತ್ತು, ಒಳಗಿನ ಪಟ್ಟಿಯೇ ಇರಲಿಲ್ಲ. ಹಿಂದಿನವನು ‘ಆಗಾಗ ಹಿಡಿಯುತ್ತೆ, ಕಿರಿಕಿರಿ’ ಅಂತ ತೆಗೆದಿರಬೇಕು.

ಮಧ್ಯಾಹ್ನ ಎಂಜಿನ್ ಸದ್ದು ಸಣ್ಣಗಾಗುತ್ತಾ ಚೀರಲು ಶುರುವಾಯಿತು. ಕೈ ಬಿಟ್ಟರೂ ರೇಸು ಇಳಿಯುತ್ತಿರಲಿಲ್ಲ, ನಾಲ್ಕೈದು ಎಣಿಸಿದ ಮೇಲೆ ಇಳಿಯುತ್ತಿತ್ತು. ‘ಆಹಾ, ಒಳ್ಳೆ ಪಿಕಪ್ಪು’ ಎಂದುಕೊಂಡೆ. ಅರ್ಧ ಗಂಟೆಗೆ ಕಿರ್ ಎಂದು ನಿಂತಿತು. ಹಗ್ಗ ಎಳೆದರೆ ಬರಲಿಲ್ಲ.

ಹರಿದ ಟವಲು, ನಿಂತ ಮೆಶಿನು ಎರಡನ್ನೂ ನೋಡಿ ಮನೆಯಾಕೆ ಒಂದೇ ಮಾತು ಹೇಳಿದ್ದು: ‘ಅದನ್ನ ತಂದಲ್ಲಿಗೇ ಬಿಸಾಕಿ ಬರ್ರಿ. ನನಗೆ ಜಾಲಿ ಇದ್ರೂ ಪರವಾಗಿಲ್ಲ, ನೀವು ಬೇಕು.’

ಮೆಕ್ಯಾನಿಕ್ ಹತ್ತಿರ ಒಯ್ದರೆ ಬಿಚ್ಚುವ ಮೊದಲೇ ತೀರ್ಪು ಕೊಟ್ಟ. ‘ಯಜಮಾನ್ರೆ, ಆಯಿಲ್ ಕಮ್ಮಿ ಹಾಕೀರಿ. ಇನ್ನೊಂದು ಪಿಸ್ಟನ್ ಹಾಕ್ತೀನಿ, ಈ ಸಲ ಜಾಸ್ತಿ ಆಯಿಲ್ ಹಾಕ್ರಿ.’ ನನಗೆ ಸಿಟ್ಟು ಬಂತು. ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ಅಳೆದು ಲೀಟರಿಗೆ 25 ಎಂ.ಎಲ್. ಟೂ ಸ್ಟ್ರೋಕ್ ಆಯಿಲ್ ಹಾಕಿದವನು ನಾನು. ಮೆಶಿನನ್ನು ಮತ್ತೆ ಗೋಣಿಚೀಲದಲ್ಲೇ ಮನೆಗೆ ತಂದೆ. ಅಲ್ಲಿಂದ ನಾಲ್ಕು ತಿಂಗಳು ಅದು ಅಟ್ಟದ ಮೇಲೆ.

ಬೇಸಿಗೆ ರಜೆಗೆ ತಮ್ಮನ ಮಗ ಬಂದ. ಐ.ಟಿ.ಐ. ಓದುತ್ತಿದ್ದ. ‘ದೊಡ್ಡಪ್ಪ, ಪಿಸ್ಟನ್ ಯಾಕೆ ಹೋಯ್ತು ಅಂತ ಗೊತ್ತಿಲ್ದೆ ಇನ್ನೊಂದು ಹಾಕಿದ್ರೆ ಅದೂ ಹೋಗುತ್ತೆ’ ಎಂದ. ಏಳನೇ ಕ್ಲಾಸಿನವನಾದ ನನಗೂ ಇದು ಹೊಳೆಯಬೇಕಿತ್ತು. ಬಾವಿ ಬತ್ತಿದ್ದು ಯಾಕೆ ಅಂತ ನೋಡದೆ ಹೊಸ ಪಂಪು ಇಳಿಸಿದವರನ್ನು ನಮ್ಮೂರಲ್ಲೇ ನೋಡಿದ್ದೇನೆ.

ಮೊದಲು ಆಯಿಲಿನ ಆರೋಪ ತೀರ್ಮಾನ ಮಾಡಿದೆವು. ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟೆವು. ಪೆಟ್ರೋಲು ಆರಿ ಹೋಯಿತು, ಎಣ್ಣೆಯ ಕಲೆ ಉಳಿಯಿತು. ಬರೀ ಪೆಟ್ರೋಲಿನ ಹನಿ ಪಕ್ಕದಲ್ಲಿ ಬಿಟ್ಟರೆ ಕಲೆ ಇಲ್ಲ. ಅಂದರೆ ಆಯಿಲ್ ಇತ್ತು. ಪ್ಲಗ್ಗು ಬಿಚ್ಚಿದರೆ ಮೂತಿ ಸುಣ್ಣದ ಹಾಗೆ ಬಿಳಿ. ಸರಿಯಾಗಿ ಉರಿದ ಪ್ಲಗ್ಗು ಕಾಫಿಪುಡಿ ಬಣ್ಣಕ್ಕೆ ಇರಬೇಕು. ಪಿಸ್ಟನ್ ಗೀರಿದ್ದದ್ದು ಸೈಲೆನ್ಸರ್ ಕಡೆಯ ಬಿಸಿ ಮಗ್ಗುಲಲ್ಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈ ಎಂಜಿನ್ನಿಗೆ ಬೈಕಿನ ಹಾಗೆ ಆಯಿಲಿನ ಗುಂಡಿ ಬೇರೆ ಇಲ್ಲ. ಪೆಟ್ರೋಲಿನ ಜೊತೆ ಬರುವ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. ಎಲ್ಲೋ ಒಂದು ಕಡೆ ಕಳ್ಳಗಾಳಿ ಒಳಗೆ ಬಂದರೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಪೆಟ್ರೋಲು ಕಮ್ಮಿ ಅಂದರೆ ಆಯಿಲೂ ಕಮ್ಮಿ, ಬೆಂಕಿ ಮಾತ್ರ ಜಾಸ್ತಿ. ಎಂಜಿನ್ ಸಿಕ್ಕಾಪಟ್ಟೆ ಓಡುತ್ತದೆ, ಪಿಸ್ಟನ್ ಉಬ್ಬುತ್ತದೆ, ಅದರ ಅಲ್ಯೂಮಿನಿಯಂ ಬೋರಿಗೆ ಬಳಿದುಕೊಳ್ಳುತ್ತದೆ. ನಾನು ಒಳ್ಳೆ ಪಿಕಪ್ಪು ಎಂದುಕೊಂಡದ್ದು ಸಾಯುವವನ ಏದುಸಿರು. ಆಯಿಲನ್ನು ಸುಮ್ಮನೆ ಜಾಸ್ತಿ ಸುರಿದರೂ ಉಪಯೋಗವಿಲ್ಲ. ಅದೇ ತೂತಿನಲ್ಲಿ ಆಯಿಲು ಜಾಸ್ತಿ ಬಂದಷ್ಟು ಪೆಟ್ರೋಲು ಕಮ್ಮಿಯಾಗುತ್ತದೆ, ಜೊತೆಗೆ ಸೈಲೆನ್ಸರಿಗೆ ಕರಿ ಕಟ್ಟುತ್ತದೆ.

ಹಾಗಾದರೆ ಕಳ್ಳಗಾಳಿ ಎಲ್ಲಿಂದ? ಟ್ರ್ಯಾಕ್ಟರ್ ಟ್ಯೂಬಿನ ಪಂಕ್ಚರು ಹುಡುಕಿದ ಹಾಗೆಯೇ ಹುಡುಕಬೇಕು. ಆದರೆ ಇದಕ್ಕೆ ಟ್ಯೂಬಿನಷ್ಟು ಗಾಳಿ ಹೊಡೆದರೆ ಆಯಿಲ್ ಸೀಲು ಹಾರಿ ಹೋಗುತ್ತದೆ. ತೀರಾ ಕಮ್ಮಿ ಒತ್ತಡ ಬೇಕು, ಅದನ್ನು ಅಳೆಯಲೂ ಬೇಕು. ಅಂಗಡಿಯಲ್ಲಿ ಅದಕ್ಕೆಂದೇ ಇರುವ ಪಂಪಿಗೆ ದುಡ್ಡು ಬಹಳ. ಹುಡುಗನಿಗೆ ಹೊಳೆದದ್ದು ಬಿ.ಪಿ. ನೋಡುವ ಮೆಶಿನ್! ಊರಿನ ಹಳೆ ಕಂಪೌಂಡರ ಹತ್ತಿರ ಬಟ್ಟೆ ಹರಿದ, ಗಡಿಯಾರದಂಥ ಮುಳ್ಳಿನದೊಂದು ಇತ್ತು. ಅದರ ರಬ್ಬರ್ ಬುರುಡೆ ಒತ್ತಿದರೆ ಮುಳ್ಳು 300ರವರೆಗೆ ಹೋಗುತ್ತದೆ. ಗರಗಸದ ಎಂಜಿನ್ನಿಗೆ ಅಷ್ಟೇ ಒತ್ತಡ ಸಾಕು. ಕಂಪೌಂಡರು ‘ಇದಕ್ಕೂ ಬಿ.ಪಿ. ಬಂತೇನಪ್ಪ’ ಎಂದು ನಕ್ಕು ಕೊಟ್ಟರು.

ನಮ್ಮ ಗರಗಸದಲ್ಲಿ ಎಂಜಿನ್ನಿನ ಹೊಟ್ಟೆಯಿಂದ ಕಾರ್ಬೊರೇಟರಿಗೆ ಬಡಿತ ಒಯ್ಯುವ ಒಂದು ಸಣ್ಣ ಪೈಪು ಇದೆ. ಆ ಬಡಿತದಿಂದಲೇ ಕಾರ್ಬೊರೇಟರು ಪೆಟ್ರೋಲು ಹೀರುವುದು. ಹಳೆ ಪಿಸ್ಟನ್ನನ್ನೇ ಉಜ್ಜಿ ಪರೀಕ್ಷೆಗೆಂದು ಮತ್ತೆ ಕೂರಿಸಿದೆವು. ಸೈಲೆನ್ಸರ್ ಕಿಂಡಿಗೆ, ಕಾರ್ಬೊರೇಟರ್ ಕೂರುವ ಬಾಯಿಗೆ ಹಳೆ ಟ್ಯೂಬಿನ ತುಂಡು ಇಟ್ಟು ತಗಡು ಹಾಕಿ ಬೋಲ್ಟ್ ಬಿಗಿದೆವು. ಬಿ.ಪಿ. ಪೈಪನ್ನು ಆ ಸಣ್ಣ ಪೈಪಿಗೆ ಸೇರಿಸಿ 250ರವರೆಗೆ ಒತ್ತಿದೆವು. ಮುಳ್ಳು ನಿಲ್ಲಬೇಕು. ನಮ್ಮದು ಹತ್ತು ಎಣಿಸುವುದರೊಳಗೆ ಸೊನ್ನೆ. ಪಾತ್ರೆ ತೊಳೆಯುವ ಸೋಪಿನ ನೀರು ಬಳಿದಾಗ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲಿನಲ್ಲಿ ಬುರುಬುರು ನೊರೆ. ಸಿಕ್ಕಿತು ಕಳ್ಳ ಎಂದು ಎದ್ದೆ. ಹುಡುಗ ಏಳಲಿಲ್ಲ. ಪಿಸ್ಟನ್ನನ್ನು ಮೇಲಕ್ಕೆ ಸರಿಸಿ ಇನ್ನೊಮ್ಮೆ ಒತ್ತಿದ. ಪಿಸ್ಟನ್ ಮೇಲಿದ್ದಾಗ ಮಾತ್ರ ಕಾರ್ಬೊರೇಟರ್ ಕಡೆಯ ದಾರಿ ತೆರೆಯುವುದಂತೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ದಪ್ಪ ರಬ್ಬರ್ ಬೂಟಿನ ಮಡಿಕೆಯಲ್ಲಿ ಕೂದಲೆಳೆಯಂಥ ಸೀಳು, ಅಲ್ಲೂ ನೊರೆ. ಬೆರಳಲ್ಲಿ ಬಗ್ಗಿಸಿದರಷ್ಟೇ ಕಣ್ಣಿಗೆ ಕಾಣುವುದು. ಒಂದು ಕಳ್ಳ ಸಿಕ್ಕ ಖುಷಿಗೆ ಅಲ್ಲೇ ನಿಲ್ಲಿಸಿದ್ದರೆ ಮೂರನೇ ಪಿಸ್ಟನ್ನೂ ಹೋಗುತ್ತಿತ್ತು.

ಸೀಲು ಎರಡೂ ಕಡೆಯದು ಬದಲಿಸಿದೆವು. ಕ್ಲಚ್ ಬಿಚ್ಚುವಾಗ ಎರಡು ಎಚ್ಚರ. ಅದು ಉಲ್ಟಾ ಥ್ರೆಡ್. ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ತಿರುಗದಂತೆ ತಡೆಯಲು ಪ್ಲಗ್ಗಿನ ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕುವವರಿದ್ದಾರೆ, ಪಿಸ್ಟನ್ ತಲೆ ತೂತು ಬೀಳುತ್ತದೆ. ನೂಲಿನ ಹಗ್ಗ ತುರುಕಿ, ಒಂದು ತುದಿ ಹೊರಗೆ ಬಿಡಿ.

ಬೋರಿಗೆ ಹತ್ತಿದ್ದ ಅಲ್ಯೂಮಿನಿಯಂ ತೆಗೆಯಲು ಬಚ್ಚಲ ಆಸಿಡ್ ಸವರಿ ಎಂದು ಹೇಳಿದವರಿದ್ದರು. ಬೋರಿನ ಒಳಲೇಪ ಕ್ರೋಮಿನದಾದರೆ ಆಸಿಡ್ ಅದನ್ನೂ ತಿನ್ನುತ್ತದೆ ಎಂದು ಹುಡುಗನ ಮೇಷ್ಟ್ರು ಎಚ್ಚರಿಸಿದರು. ಹಾಗಾಗಿ 400 ನಂಬರಿನ ಎಮರಿ ಕಾಗದ, ಸೀಮೆಎಣ್ಣೆ, ಎರಡು ಸಂಜೆ. ಉಗುರು ಆಡಿಸಿದರೆ ಎಲ್ಲೂ ತಡೆಯಲಿಲ್ಲ. ಲೇಪವೇ ಎದ್ದು ಉಗುರು ಸಿಕ್ಕಿಕೊಂಡರೆ ಆ ಸಿಲಿಂಡರಿನ ಆಸೆ ಬಿಡಬೇಕು. ಹೊಸ ಪಿಸ್ಟನ್ನಿನ ತಲೆ ಮೇಲೆ ಬಾಣದ ಗುರುತಿತ್ತು. ಅದು ಸೈಲೆನ್ಸರ್ ಕಡೆಗೆ ಇರಬೇಕು.

ಕಾರ್ಬೊರೇಟರಿನದು ಇನ್ನೊಂದು ಕತೆ. ಅದರೊಳಗೆ ಎರಡು ತೆಳು ಪೊರೆ ಇರುತ್ತವೆ, ಬೆರಳಿಗೆ ಮೆತ್ತಗೆ ಇರಬೇಕು. ನಮ್ಮವು ಹಪ್ಪಳ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಎಥೆನಾಲ್ ಇರುತ್ತದೆ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಅದು ಒಳ್ಳೆಯದೇ ಇರಬಹುದು, ಹಳೆ ಮೆಶಿನಿನ ರಬ್ಬರಿಗೆ ಅಲ್ಲ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥೆನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ, ಪೆಟ್ರೋಲು, ಆಯಿಲು ಮೇಲೆ ತೇಲುತ್ತವೆ. ಟ್ಯಾಂಕಿನೊಳಗಿನ ಫಿಲ್ಟರು ಬಿದ್ದಿರುವುದು ತಳದಲ್ಲೇ. ಹಳೆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಅಲುಗಿಸದೆ ಇಡಿ, ಪದರ ಕಂಡರೆ ಮೆಶಿನಿಗೆ ಹಾಕಬೇಡಿ. ನಾನೀಗ ಬೇಕಾದಷ್ಟೇ ಲೀಟರು ಕಲೆಸುತ್ತೇನೆ. ಹದಿನೈದು ದಿನ ಕೆಲಸ ಇಲ್ಲವೆಂದರೆ ಟ್ಯಾಂಕು ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ.

ಪೊರೆಗಳ ಸೆಟ್ಟು 220 ರೂಪಾಯಿಗೆ ಬಂತು. ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟು ಪಕ್ಕದಲ್ಲಿ ಚಿತ್ರ ಬರೆದುಕೊಂಡೆವು. ಯಾಕೆಂದರೆ ಒಂದು ಮಗ್ಗುಲಲ್ಲಿ ಗ್ಯಾಸ್ಕೆಟ್ ಮೊದಲು, ಇನ್ನೊಂದರಲ್ಲಿ ಪೊರೆ ಮೊದಲು. ಅದಲು ಬದಲಾದರೆ ಸ್ಟಾರ್ಟೇ ಆಗುವುದಿಲ್ಲ. ಪೆಟ್ರೋಲ್ ಪೈಪು, ಫಿಲ್ಟರು ಹೊಸದು. ಚೈನ್ ಬ್ರೇಕಿನ ಉಕ್ಕಿನ ಪಟ್ಟಿ ಬೆಂಗಳೂರಿನಿಂದ ಬರಲು ಹದಿನೆಂಟು ದಿನವಾಯಿತು. ಹುಡುಗ ‘ಅಲ್ಲೀವರೆಗೆ ಹಾಗೇ ಓಡಿಸೋಣ’ ಎಂದ. ಮನೆಯಾಕೆ ಒಳಗಿನಿಂದಲೇ ‘ಓಡಿಸ್ರಿ ನೋಡನ’ ಎಂದಳು. ಹದಿನೆಂಟು ದಿನ ಕಾದೆವು.

ಖರ್ಚು ಹೇಳಿಬಿಡುತ್ತೇನೆ. ಪಿಸ್ಟನ್ ರಿಂಗು 1,450, ಸೀಲು ಎರಡಕ್ಕೆ 180, ರಬ್ಬರ್ ಬೂಟು 260, ಪೊರೆ 220, ಪೈಪು ಫಿಲ್ಟರು 150, ಬ್ರೇಕ್ ಪಟ್ಟಿ 380, ಪ್ಲಗ್ಗು 120. ಎರಡನೇ ಸಲದ್ದು ಒಟ್ಟು 2,760. ಇದರಲ್ಲಿ ಮೊದಲ ಸಾವಿಗೂ ಎರಡನೆಯದಕ್ಕೂ ಕಾರಣವಾದ ಬೂಟು, ಸೀಲಿನ ಬೆಲೆ 440 ರೂಪಾಯಿ. ಮೆಕ್ಯಾನಿಕ್ಕಿಗೆ ಕೊಟ್ಟ 2,400 ಹೊಳೆಗೆ ಹಾಕಿದ ಹುಣಸೆಹಣ್ಣು. ಆತ ಕೆಟ್ಟವನಲ್ಲ, ಬೈಕಿನಲ್ಲಿ ಪಳಗಿದ ಕೈ. ಬಂದವರೆಲ್ಲ ‘ಬೇಗ ಮಾಡಿಕೊಡು’ ಎನ್ನುವವರೇ, ನಾನೂ ಹಾಗೇ ಅಂದಿದ್ದೆ.

ಜೋಡಿಸಿದ ಮೇಲೆ ಮತ್ತೆ ಬಿ.ಪಿ. ನೋಡಿದೆವು. ಮುಳ್ಳು ಅಲ್ಲಾಡಲಿಲ್ಲ. ಕಾರ್ಬೊರೇಟರಿನ ಎರಡು ತಿರುಪುಗಳನ್ನು ಮೆಲ್ಲಗೆ ಪೂರ್ತಿ ಒಳಗೆ ಬಿಟ್ಟು ಒಂದೊಂದು ಸುತ್ತು ಹೊರಗೆ ತಂದು ಶುರು ಮಾಡಿದೆವು. ಆಮೇಲೆ ಕಿವಿಯ ಕೆಲಸ. ಮರ ಮುಟ್ಟಿಸದೆ ಪೂರ್ತಿ ಎಳೆದಾಗ ಸದ್ದು ಸ್ವಲ್ಪ ಒಡೆದ ಹಾಗೆ, ಗಂಟಲು ಕಟ್ಟಿದ ಹಾಗೆ ಬರಬೇಕು. ಮರಕ್ಕೆ ಇಟ್ಟ ಕೂಡಲೇ ಆ ಒಡಕು ಹೋಗಿ ಚೊಕ್ಕವಾಗಬೇಕು. ಬರಿದೆ ಓಡಿಸುವಾಗಲೇ ಸಣ್ಣಗೆ ಚೀರಿದರೆ ಪೆಟ್ರೋಲು ಸಾಲದು, ದೊಡ್ಡ ವೇಗದ ತಿರುಪನ್ನು ಸ್ವಲ್ಪ ಹೊರಗೆ ಬಿಡಿ. ಬಿಟ್ಟಾಗ ರೇಸು ತಕ್ಷಣ ಇಳಿಯಬೇಕು, ಚೈನು ತಿರುಗದೆ ನಿಲ್ಲಬೇಕು. ಪ್ರತಿದಿನ ಮೊದಲ ಕೊಯ್ತಕ್ಕೆ ಮುಂಚೆ ಬ್ರೇಕ್ ಹಲಗೆ ತಳ್ಳಿ ಪರೀಕ್ಷಿಸುತ್ತೇನೆ. ಹಿಡಿಯದಿದ್ದರೆ ಅವತ್ತು ಕೊಡಲಿ.

ಜಾಲಿ ಮರ ಗಟ್ಟಿ, ತೊಗಟೆಯ ಸಂದಿನಲ್ಲಿ ಮಣ್ಣು. ಒಂದು ಟ್ಯಾಂಕಿಗೆ ಚೈನಿನ ಹಲ್ಲು ಮೊಂಡಾಗುತ್ತದೆ. ಮರದ ಚಕ್ಕೆ ಬೀಳುವ ಬದಲು ಹಿಟ್ಟಿನಂತೆ ಪುಡಿ ಬಿದ್ದರೆ ಅರ ಹಿಡಿಯಲೇಬೇಕು. ಹಾಗೇ ಒತ್ತಿ ಕೊಯ್ದರೆ ಪಟ್ಟಿ, ಕ್ಲಚ್ಚು, ಪಿಸ್ಟನ್ ಎಲ್ಲಕ್ಕೂ ಹೊಡೆತ. ನನ್ನ ಚೈನಿಗೆ 4.8 ಎಂ.ಎಂ. ದುಂಡು ಅರ. ಒಳಗಿನಿಂದ ಹೊರಕ್ಕೆ, 30 ಡಿಗ್ರಿ ಓರೆಗೆ, ಹಲ್ಲಿಗೆ ಮೂರು ಉಜ್ಜು, ಎಲ್ಲ ಹಲ್ಲಿಗೂ ಅಷ್ಟೇ. ಒಂದು ಕಡೆ ಜಾಸ್ತಿ ಉಜ್ಜಿದರೆ ಗರಗಸ ನೇಗಿಲು ವಾಲಿದ ಹಾಗೆ ಒಂದೇ ಮಗ್ಗುಲಿಗೆ ಎಳೆಯುತ್ತದೆ.

ಪಟ್ಟಿಗೆ ಟ್ರ್ಯಾಕ್ಟರಿನ ಹಳೆ ಆಯಿಲ್ ಹಾಕುವವರು ಬಹಳ. ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ, ಆಯಿಲ್ ಪಂಪು ಕಟ್ಟುತ್ತದೆ, ನಮ್ಮ ಬಟ್ಟೆ ಮೈಗೂ ಸಿಡಿಯುತ್ತದೆ. ಹೊಂಗೆ ಎಣ್ಣೆ ಹಾಕಿ ನೋಡಿದೆ. ಜಾರಿಕೆ ಚೆನ್ನಾಗಿತ್ತು, ಆದರೆ ತಿಂಗಳು ಬಿಟ್ಟು ತೆಗೆದರೆ ಚೈನಿಗೆ ಗೋಂದು ಹಚ್ಚಿದಂತಾಗಿತ್ತು. ದಿನಾ ಓಡಿಸುವವರಿಗೆ ಆಗಬಹುದು. ನಾನು ಹೊಸ 30 ನಂಬರ್ ಎಂಜಿನ್ ಆಯಿಲಿಗೆ ಬಂದು ನಿಂತಿದ್ದೇನೆ.

2024ರ ಬೇಸಿಗೆಯಲ್ಲಿ ಒಂದೂವರೆ ಎಕರೆ ಬಯಲಾಯಿತು. ಗರಗಸದಿಂದ ಕೊಯ್ದರೆ ಜಾಲಿ ಸಾಯುವುದಿಲ್ಲ, ಇದನ್ನೂ ಹೇಳಬೇಕು. ಚಿಗುರುವ ಕಣ್ಣು ಇರುವುದು ಮಣ್ಣಿನೊಳಗಿನ ಬುಡದ ಗಡ್ಡೆಯಲ್ಲಿ. ಬುಡವನ್ನು ಗೇಣುದ್ದ ಬಿಟ್ಟು ಕೊಯ್ದು, ಸುತ್ತ ಗುದ್ದಲಿಯಿಂದ ಬಿಡಿಸಿ, ಮಣ್ಣಿನ ಒಂದು ಗೇಣು ಕೆಳಗೆ ಹಾರೆ, ಕೊಡಲಿಯಿಂದ ಗಡ್ಡೆ ತೆಗೆದೆವು. ಚೈನನ್ನು ಮಾತ್ರ ಮಣ್ಣಿಗೆ ಮುಟ್ಟಿಸಲಿಲ್ಲ. ಸೌದೆಯನ್ನು ಇಟ್ಟಿಗೆ ಗೂಡಿನವರು ಒಯ್ದರು, ಆ ದುಡ್ಡಿನಲ್ಲಿ ಗಡ್ಡೆ ಕೀಳುವ ಆಳಿನ ಕೂಲಿ ಸರಿಹೋಯಿತು. ಮುಂಗಾರಿಗೆ ಅಲ್ಲಿ ನವಣೆ ಜೊತೆ ತೊಗರಿ ಸಾಲು ಹಾಕಿದೆ.

ಉಳಿದ ಅರ್ಧ ಎಕರೆ ಇನ್ನೂ ಜಾಲಿಯದೇ. ಮೆಶಿನ್ ಚೆನ್ನಾಗಿದೆ, ಆದರೆ ಈಚೆಗೆ ಗೂಟಕ್ಕೆ ನೇತುಹಾಕಿದ ಮಾರನೆ ದಿನ ಕೆಳಗೆ ಬೊಗಸೆಯಗಲ ಪಟ್ಟಿಯ ಆಯಿಲ್ ಸೋರಿರುತ್ತದೆ. ಟ್ಯಾಂಕಿನ ಗಾಳಿದಾರಿಯೋ, ಆಯಿಲ್ ಪೈಪಿನ ರಬ್ಬರೋ ನೋಡಬೇಕು. ಬಿ.ಪಿ. ಮೆಶಿನನ್ನು ಕಂಪೌಂಡರು ಇನ್ನೂ ವಾಪಸ್ ಕೇಳಿಲ್ಲ.